ಹೆಸರಿನ ಕೊನೇಲಿ 'ಲಾಲ್' ಇರೋ ಬಿಪಿ ಮಾತ್ರೆಗಳು: ಯಾವುದು ಯಾರಿಗೆ ಆಗುತ್ತೆ, ಯಾರಿಗೆ ಬೇಡ

ಹೋದ ಚಳಿಗಾಲದಲ್ಲಿ ಕೊಬ್ಬರಿ ಮಂಡಿ ಯಜಮಾನ್ರೊಬ್ರು ಅಂಗಡಿಗೆ ಬಂದು ಪ್ಲಾಸ್ಟಿಕ್ ಕವರಲ್ಲಿದ್ದ ಮಾತ್ರೆ ಎಲ್ಲಾ ಕೌಂಟರ್ ಮೇಲೆ ಸುರಿದ್ರು. "ಇವೆಲ್ಲಾ ಒಂದೊಂದು ತಿಂಗಳಿಗೆ ಕಟ್ಕೊಡಪ್ಪ, ಯಾಕೋ ಎದ್ದು ನಿಂತ್ರೆ ಕಣ್ಣು ಕತ್ತಲೆ ಬರ್ತದೆ, ಅದಕ್ಕೂ ಯಾವ್ದಾದ್ರೂ ಟಾನಿಕ್ ಹಾಕು" ಅಂದ್ರು. ಸ್ಟ್ರಿಪ್ ತಿರುಗಿಸಿ ನೋಡ್ತೀನಿ, ಒಂದು ಊರಿನ ಡಾಕ್ಟ್ರು ಎಂಟು ವರ್ಷದ ಹಿಂದೆ ಬರ್ಕೊಟ್ಟಿದ್ದ ಅಮ್ಲೋಡಿಪಿನ್ ಜೊತೆ ಅಟೆನೊಲಾಲ್ ಸೇರಿರೋ ಮಾತ್ರೆ, ಇನ್ನೊಂದು ಸ್ಟೆಂಟ್ ಹಾಕಿಸ್ಕೊಂಡ್ಮೇಲೆ ಬೆಂಗಳೂರಲ್ಲಿ ಬರ್ಕೊಟ್ಟ ಮೆಟೊಪ್ರೊಲಾಲ್ 50. ಎರಡೂ ಬೆಳಿಗ್ಗೆ ತಿಂಡಿ ಆದ್ಮೇಲೆ ನುಂಗ್ತಿದ್ರು, ಎರಡು ತಿಂಗಳಿಂದ. ಸ್ಟೂಲ್ ಮೇಲೆ ಕೂರಿಸಿ ಕೈ ಹಿಡಿದು ಒಂದು ನಿಮಿಷ ನಾಡಿ ಎಣಿಸಿದೆ, 44. ಟಾನಿಕ್ ಕೊಡ್ಲಿಲ್ಲ, ಮಗನಿಗೆ ಫೋನ್ ಮಾಡಿ ನೇರ ಡಾಕ್ಟ್ರ ಹತ್ರ ಕಳಿಸಿದೆ.

ಎರಡೂ ಒಂದೇ ಮನೆತನದ ಮಾತ್ರೆ ಅಂತ ಅವ್ರಿಗೆ ಯಾರೂ ಹೇಳಿರ್ಲಿಲ್ಲ. ಊರ ಡಾಕ್ಟ್ರಿಗೆ ಬೆಂಗಳೂರಿನ ಚೀಟಿ ಗೊತ್ತಿಲ್ಲ, ಬೆಂಗಳೂರಿನವ್ರಿಗೆ ಊರ ಚೀಟಿ ಗೊತ್ತಿಲ್ಲ, ಯಜಮಾನ್ರಿಗೆ ಎರಡೂ "ಬಿಪಿ ಗುಳಿಗೆ" ಅಷ್ಟೇ. ತಿಪಟೂರಲ್ಲಿ ಮೆಡಿಕಲ್ ಶಾಪ್ ನಡೆಸ್ತಾ ಹದಿನಾಲ್ಕು ವರ್ಷ ಆಯ್ತು, ಬೀಟಾ ಬ್ಲಾಕರ್ ಅನ್ನೋ ಈ 'ಲಾಲ್' ಮಾತ್ರೆಗಳ ವಿಷಯದಲ್ಲಿ ದಿನಾ ಕೇಳೋ ಪ್ರಶ್ನೆಗಳು ಅವೇ ಆದ್ರಿಂದ ಒಂದ್ಸಲ ಕೂತು ಬರೆದುಬಿಡೋಣ ಅನ್ನಿಸ್ತು. ನಾನು ಡಾಕ್ಟ್ರಲ್ಲ, ಫಾರ್ಮಸಿಸ್ಟ್. ಇದನ್ನ ಓದಿ ಮಾತ್ರೆ ಬದಲಾಯಿಸ್ಬೇಡಿ, ಡಾಕ್ಟ್ರ ಹತ್ರ ಸರಿಯಾದ ಪ್ರಶ್ನೆ ಕೇಳೋಕೆ ಇಟ್ಕೊಳ್ಳಿ.

ಮೊದಲು ಇವು ಮಾಡೋ ಕೆಲಸ ಏನು ಅಂತ. ಗಾಬರಿ ಆದಾಗ, ಓಡಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತೆ, ಅದು ಹೃದಯದಲ್ಲಿರೋ ಬೀಟಾ ಅನ್ನೋ ಗುಂಡಿ ಒತ್ತಿದ್ರೆ ಎದೆ ಡವಡವ ಅನ್ನುತ್ತೆ. ಈ ಮಾತ್ರೆ ಆ ಗುಂಡಿ ಮೇಲೆ ಕೈ ಅಡ್ಡ ಇಟ್ಟ ಹಾಗೆ. ಬಡಿತ ನಿಧಾನ ಆಗುತ್ತೆ, ಹೃದಯಕ್ಕೆ ದುಡಿಮೆ ಕಮ್ಮಿ, ಬಿಪಿನೂ ಇಳಿಯುತ್ತೆ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಪ್ರೊಪ್ರನೊಲಾಲ್ ಕಂಡುಹಿಡಿದಿದ್ದು ಎದೆನೋವಿನವ್ರಿಗೋಸ್ಕರ, ಅದಕ್ಕೆ 1988ರಲ್ಲಿ ನೊಬೆಲ್ ಕೂಡ ಬಂತು. ತೊಂದ್ರೆ ಏನಪ್ಪ ಅಂದ್ರೆ ಗುಂಡಿ ಒಂದೇ ಥರದ್ದಲ್ಲ, ಹೃದಯದಲ್ಲಿ ಜಾಸ್ತಿ ಇರೋದು ಬೀಟಾ-1, ಶ್ವಾಸನಾಳದಲ್ಲಿ ಇರೋದು ಬೀಟಾ-2, ಇದೇ ಬೀಟಾ-2 ಒತ್ತಿ ಉಸಿರಿನ ದಾರಿ ತೆರೆಯೋದು ಆಸ್ತಮಾದವ್ರ ಅಸ್ತಾಲಿನ್ ಪಂಪು. ಯಾವ ಮಾತ್ರೆ ಯಾವ ಗುಂಡಿಗೆ ಅಡ್ಡ ಬರುತ್ತೆ ಅನ್ನೋದ್ರಲ್ಲೇ ಅರ್ಧ ಆಯ್ಕೆ ಮುಗಿದುಹೋಗುತ್ತೆ.

ಬರೀ ಬಿಪಿ ಇದ್ರೆ ಇದು ಬೇಕಾ?

ಬೇರೆ ಏನೂ ತೊಂದ್ರೆ ಇಲ್ಲ, ಬಿಪಿ ಒಂದೇ ಅಂದ್ರೆ ಈಗಿನ ಡಾಕ್ಟ್ರುಗಳು ಸಾಮಾನ್ಯವಾಗಿ ಮೊದಲು ಕೈ ಹಾಕೋದು ಅಮ್ಲೋಡಿಪಿನ್, ಟೆಲ್ಮಿಸಾರ್ಟನ್ ಥರದ್ದಕ್ಕೆ, ಅಥವಾ ನೀರು ಹೋಗೋ ಮಾತ್ರೆಗೆ. ಹಿಂದೆ ಹಾಗಿರ್ಲಿಲ್ಲ, ಬಿಪಿ ಅಂದ್ರೆ ಅಟೆನೊಲಾಲ್ ಅನ್ನೋ ಕಾಲ ಇತ್ತು, ಸಿಕ್ಕಾಪಟ್ಟೆ ಅಗ್ಗ, ದಿನಕ್ಕೊಂದು, ಎಲ್ಲಾ ಕಡೆ ಸಿಗೋದು. ಆಮೇಲೆ 2002ರಲ್ಲಿ ಲೈಫ್ ಅನ್ನೋ ದೊಡ್ಡ ಅಧ್ಯಯನದಲ್ಲಿ ಲೊಸಾರ್ಟನ್ ಪಕ್ಕ ಇಟ್ಟು ನೋಡಿದಾಗ ಬಿಪಿ ಎರಡರಲ್ಲೂ ಹೆಚ್ಚುಕಮ್ಮಿ ಅಷ್ಟೇ ಇಳಿದ್ರೂ ಲಕ್ವ ಹೊಡೆಯೋದು ಅಟೆನೊಲಾಲ್ ತಗೊಂಡವ್ರಲ್ಲಿ ಜಾಸ್ತಿ ಇತ್ತು. 2005ರ ಆಸ್ಕಾಟ್ ಅಧ್ಯಯನದಲ್ಲೂ ಅಮ್ಲೋಡಿಪಿನ್ ಕಡೆಯವ್ರೇ ಮುಂದೆ. ಮರುವರ್ಷವೇ ಬ್ರಿಟನ್ನಿನವ್ರು ಬರೀ ಬಿಪಿಗೆ ಮೊದಲ ಮಾತ್ರೆಗಳ ಸಾಲಿಂದ ಬೀಟಾ ಬ್ಲಾಕರ್‌ಗಳನ್ನ ಕೆಳಗಿಳಿಸಿದ್ರು. ಹಾಗಂತ ಎಲ್ರೂ ಒಪ್ಪಿದ್ದಾರೆ ಅಂತಲ್ಲ, 2023ರ ಯೂರೋಪಿನ ಮಾರ್ಗಸೂಚಿ ಇವನ್ನ ಮುಖ್ಯ ಗುಂಪುಗಳ ಜೊತೆಗೇ ಇಟ್ಟಿದೆ. ಎದೆನೋವು, ಹಾರ್ಟ್ ಅಟ್ಯಾಕ್ ಆಗಿರೋದು, ಹೃದಯ ವೀಕ್ ಆಗಿರೋದು, ಬಡಿತ ತಾಳ ತಪ್ಪೋದು, ಇವುಗಳಲ್ಲಿ ಒಂದಿದ್ರೆ ಆಗ ಬೀಟಾ ಬ್ಲಾಕರಿಗೆ ನಿಜವಾದ ಕೆಲಸ ಸಿಗುತ್ತೆ.

ಹತ್ತು ವರ್ಷದಿಂದ ಅಟೆನೊಲಾಲಲ್ಲೇ ಚೆನ್ನಾಗಿದೀನಿ, ಬಿಪಿ 130 ದಾಟಲ್ಲ ಅನ್ನೋರು ಇದನ್ನ ಓದಿ ಗಾಬರಿ ಬೀಳ್ಬೇಡಿ. ಮುಂದಿನ ಸಲ ಹೋದಾಗ "ಸಾರ್, ನನಗೆ ಹಾರ್ಟ್ ತೊಂದ್ರೆ ಇಲ್ವಲ್ಲ, ಇದೇ ಮುಂದುವರಿಸ್ಬೇಕಾ" ಅಂತ ಕೇಳಿ. ನೀವೇ ನಿಲ್ಲಿಸಬೇಡಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಹೃದಯ ವೀಕ್ ಇರೋರಿಗೆ

ಇಲ್ಲಿ ಮಾತ್ರ "ಯಾವುದಾದ್ರೂ ಒಂದು ಲಾಲ್ ಕೊಡಿ" ಅಂತ ನಡೆಯಲ್ಲ. ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಲ್ಲಿ ಇ.ಎಫ್. ಅಂತ ಒಂದು ಪರ್ಸೆಂಟ್ ಬರೆದಿರ್ತಾರೆ, ಹೃದಯ ಒಂದು ಸಲ ಹಿಂಡಿದಾಗ ಒಳಗಿನ ರಕ್ತದಲ್ಲಿ ಎಷ್ಟು ಭಾಗ ಹೊರಗೆ ತಳ್ಳುತ್ತೆ ಅನ್ನೋ ಲೆಕ್ಕ. ಅದು 40 ಅಥವಾ ಅದಕ್ಕಿಂತ ಕೆಳಗೆ ಇದ್ರೆ ಆಯಸ್ಸು ಉಳಿಸುತ್ತೆ ಅಂತ ಗಟ್ಟಿಯಾಗಿ ಸಾಬೀತಾಗಿರೋದು ಮೂರೇ: ಬಿಸೊಪ್ರೊಲಾಲ್, ಕಾರ್ವೆಡಿಲಾಲ್, ಮತ್ತೆ ಮೆಟೊಪ್ರೊಲಾಲ್ ಸಕ್ಸಿನೇಟ್. ಮೊದಲನೇದು ಮತ್ತು ಮೂರನೇದರ ಅಧ್ಯಯನ ಬಂದಿದ್ದು 1999ರಲ್ಲಿ, ತೀವ್ರವಾಗಿ ವೀಕ್ ಆಗಿದ್ದವ್ರಲ್ಲಿ ಕಾರ್ವೆಡಿಲಾಲದ್ದು 2001ರಲ್ಲಿ, ಮೂರರಲ್ಲೂ ಔಷಧ ಇಲ್ಲದ ಖಾಲಿ ಮಾತ್ರೆ ತಗೊಂಡವ್ರಿಗಿಂತ ಸಾವು ಸುಮಾರು ಮೂರನೇ ಒಂದು ಭಾಗ ಕಮ್ಮಿ ಆಯ್ತು. ಅದಕ್ಕೂ ಮುಂಚೆ ವೀಕ್ ಹೃದಯಕ್ಕೆ ಬೀಟಾ ಬ್ಲಾಕರ್ ಕೊಡೋದೇ ತಪ್ಪು ಅಂತಿದ್ರು ಅನ್ನೋದು ಬೇರೆ ಮಾತು! ಯೂರೋಪಲ್ಲಿ 70 ದಾಟಿದವ್ರಿಗೆ ನೆಬಿವೊಲಾಲ್ ಕೂಡ ಕೊಡ್ತಾರೆ. ಅಟೆನೊಲಾಲಿಗೆ ಈ ಸಾಲಲ್ಲಿ ಜಾಗ ಇಲ್ಲ.

ಮೂರರಲ್ಲಿ ಯಾವುದು? ಬಿಪಿನೂ ಜಾಸ್ತಿ ಇದ್ರೆ ಕಾರ್ವೆಡಿಲಾಲ್ ಕಡೆ ವಾಲ್ತಾರೆ, ಅದು ರಕ್ತನಾಳಾನೂ ಸಡಿಲ ಮಾಡುತ್ತೆ, ಆದ್ರೆ ದಿನಕ್ಕೆ ಎರಡು ಸಲ ಊಟದ ಜೊತೆ ತಗೋಬೇಕು, ಖಾಲಿ ಹೊಟ್ಟೇಲಿ ತಗೊಂಡು ದಡಕ್ಕನೆ ಎದ್ರೆ ತಲೆ ತಿರುಗುತ್ತೆ. ಬಿಪಿ ಮೊದಲೇ ಕಮ್ಮಿ, ಅಥವಾ ಉಸಿರಾಟದ ಕಾಯಿಲೆನೂ ಇದೆ ಅಂದ್ರೆ ಬಿಸೊಪ್ರೊಲಾಲ್ ಹಗುರ, ದಿನಕ್ಕೊಂದೇ, ಕಾಂಕಾರ್ ಅಂತ ಬರೋದು ಇದೇ. ಮೆಟೊಪ್ರೊಲಾಲ್ ಸಕ್ಸಿನೇಟೂ ದಿನಕ್ಕೊಂದು. ಮೂರನ್ನೂ ಶುರು ಮಾಡೋದು ಚಿಟಿಕೆ ಡೋಸಿಂದ, ಬಿಸೊಪ್ರೊಲಾಲ್ ಆದ್ರೆ 1.25, ಕಾರ್ವೆಡಿಲಾಲ್ ಆದ್ರೆ 3.125, ಆಮೇಲೆ ಎರಡು ವಾರಕ್ಕೊಮ್ಮೆ ಮೆಲ್ಲಗೆ ಏರಿಸ್ತಾರೆ. ಶುರುವಲ್ಲಿ ಸುಸ್ತು ಜಾಸ್ತಿ ಆಗಬಹುದು, ಅದನ್ನ ನೋಡಿ "ಮಾತ್ರೆ ಆಗ್ಬರಲಿಲ್ಲ" ಅಂತ ಬಿಟ್ಟುಬಿಡೋರೇ ಜಾಸ್ತಿ. ಕಾಲು ಊತ, ಎರಡ್ಮೂರು ದಿನದಲ್ಲಿ ಎರಡು ಕೆಜಿ ತೂಕ ಏರೋದು, ಮಲಗಿದ್ರೆ ಉಸಿರು ಕಟ್ಟೋದು, ಇವು ಬಂದ್ರೆ ಮಾತ್ರ ಅವತ್ತೇ ಡಾಕ್ಟ್ರಿಗೆ ಹೇಳಿ.

ಸಕ್ಸಿನೇಟ್, ಟಾರ್ಟ್ರೇಟ್ ಗೊಂದಲ

ಇದರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ತಪ್ಪು ಆಗೋದು ನಮ್ಮಂಥ ಅಂಗಡಿಗಳಲ್ಲೇ. ಮೆಟೊಪ್ರೊಲಾಲಲ್ಲಿ ಎರಡು ಉಪ್ಪು, ಅಂದ್ರೆ ಒಂದೇ ಔಷಧದ ಎರಡು ರೂಪ ಇದೆ. ಟಾರ್ಟ್ರೇಟ್ ಸಾದಾ ಮಾತ್ರೆ, ಬೇಗ ಕರಗಿ ಬೇಗ ಖಾಲಿ ಆಗುತ್ತೆ, ದಿನಕ್ಕೆ ಎರಡು ಸಲ ಬೇಕು. ಸಕ್ಸಿನೇಟ್ ನಿಧಾನಕ್ಕೆ ಬಿಡುಗಡೆ ಆಗೋದು, ಹೆಸರಿನ ಮುಂದೆ ಎಕ್ಸ್‌ಎಲ್, ಎಕ್ಸ್‌ಆರ್, ಇಆರ್ ಅಂತ ಇರುತ್ತೆ, ದಿನಕ್ಕೊಂದು ಸಾಕು. ವೀಕ್ ಹೃದಯಕ್ಕೆ ಕೆಲಸ ಮಾಡಿದ್ದು ಸಕ್ಸಿನೇಟ್. ಸಾದಾ ಟಾರ್ಟ್ರೇಟನ್ನ ಕಾರ್ವೆಡಿಲಾಲ್ ಎದುರು ಇಟ್ಟು ನೋಡಿದಾಗ (2003ರ ಕಾಮೆಟ್ ಅಧ್ಯಯನ) ಕಾರ್ವೆಡಿಲಾಲೇ ಗೆದ್ದಿದ್ದು.

ಈಗ ನಿಮ್ಮ ಎಕ್ಸ್‌ಎಲ್ 50 ಸ್ಟ್ರಿಪ್ ತಗೊಂಡು ಹಿಂದುಗಡೆ ಸಣ್ಣ ಅಕ್ಷರ ಓದಿ. "ಮೆಟೊಪ್ರೊಲಾಲ್ ಸಕ್ಸಿನೇಟ್ 47.5 ಎಂಜಿ, ಮೆಟೊಪ್ರೊಲಾಲ್ ಟಾರ್ಟ್ರೇಟ್ 50 ಎಂಜಿಗೆ ಸಮ" ಅನ್ನೋ ಅರ್ಥದಲ್ಲಿ ಇಂಗ್ಲಿಷಲ್ಲಿ ಇರುತ್ತೆ. ಇದನ್ನ ಓದಿದ ಹೊಸ ಹುಡುಗ್ರು ಓ ಟಾರ್ಟ್ರೇಟು ಅಂದ್ಕೊಂಡು ಸಾದಾ 50 ಎತ್ತಿಕೊಟ್ಟುಬಿಡ್ತಾರೆ. ನಮ್ಮ ಅತ್ತೆಗೇ ಬೇರೆ ಊರಿನ ಒಂದು ಅಂಗಡೀಲಿ ಹೀಗಾಗಿತ್ತು, ದಿನಕ್ಕೊಂದು ಸಾದಾ ಮಾತ್ರೆ ತಿಂಗಳಿಡೀ ತಿಂದಿದ್ದಾರೆ, ಬೆಳಿಗ್ಗೆ ಎಲ್ಲಾ ಸುಸ್ತು, ರಾತ್ರಿ ಹೊತ್ತಿಗೆ ಎದೆ ಹೊಡ್ಕೊಳ್ಳೋದು. ಫೋನಲ್ಲಿ ಸ್ಟ್ರಿಪ್ ಫೋಟೋ ಕಳಿಸಿ ಅಂದಾಗ ಗೊತ್ತಾಯ್ತು. ಬ್ರ್ಯಾಂಡ್ ಬದಲಾದ್ರೆ ತೊಂದ್ರೆ ಇಲ್ಲ, ಜನೌಷಧಿದು ತಗೊಂಡ್ರೂ ಸರಿ, ಆದ್ರೆ "ಸಕ್ಸಿನೇಟ್" ಮತ್ತು "ಎಕ್ಸ್‌ಟೆಂಡೆಡ್ ರಿಲೀಸ್" ಅನ್ನೋ ಎರಡೂ ಹೊಸ ಸ್ಟ್ರಿಪ್ ಮೇಲೂ ಇರ್ಬೇಕು. ಮಧ್ಯದಲ್ಲಿ ಗೆರೆ ಇರೋ ಎಕ್ಸ್‌ಎಲ್ ಮಾತ್ರೇನ ಡಾಕ್ಟ್ರು ಹೇಳಿದ್ರೆ ಅರ್ಧ ಮುರೀಬಹುದು, ಪುಡಿ ಮಾಡೋದು, ಅಗಿಯೋದು ಮಾತ್ರ ಬೇಡ, ಇಡೀ ದಿನದ್ದು ಒಟ್ಟಿಗೆ ಇಳಿದುಬಿಡುತ್ತೆ. ನುಂಗೋಕೆ ಕಷ್ಟ ಪಡೋ ಅಜ್ಜ ಅಜ್ಜಿಯರಿಗೆ ಬಾಳೆಹಣ್ಣಲ್ಲಿ ಕುಟ್ಟಿ ಕೊಡೋ ಮನೆಯವ್ರು ಇದನ್ನ ಗಮನಿಸಿ.

ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ಮೇಲೆ ಎಷ್ಟು ವರ್ಷ?

ಈಗ ಇದರ ಮೇಲೇ ಜೋರು ಚರ್ಚೆ ನಡೀತಿರೋದು. ಹಳೇ ಪದ್ಧತಿ ಅಂದ್ರೆ ಸಾಯೋ ತನಕ. 2024ರಲ್ಲಿ ಸ್ವೀಡನ್ ಕಡೆಯಿಂದ ಬಂದ ರಿಡ್ಯೂಸ್-ಎಎಂಐ ಅಧ್ಯಯನದಲ್ಲಿ ಅಟ್ಯಾಕ್ ಆದ್ಮೇಲೂ ಇ.ಎಫ್. 50 ಅಥವಾ ಮೇಲೆ ಇದ್ದ ಸುಮಾರು 5,000 ಜನರಲ್ಲಿ ಬೀಟಾ ಬ್ಲಾಕರ್ ಕೊಟ್ರೂ ಕೊಡದಿದ್ರೂ ಸಾವು, ಮತ್ತೊಂದು ಅಟ್ಯಾಕು ಹೆಚ್ಚುಕಮ್ಮಿ ಅಷ್ಟೇ. ಅದೇ ವರ್ಷ ಫ್ರಾನ್ಸಿನ ಅಬಿಸ್ ಅಧ್ಯಯನದಲ್ಲಿ ತಗೋತಾ ಇದ್ದವ್ರಿಗೆ ನಿಲ್ಲಿಸಿ ನೋಡಿದ್ರೆ ಹಾರ್ಟ್ ತೊಂದ್ರೆಗೆ ಮತ್ತೆ ಆಸ್ಪತ್ರೆ ಸೇರೋದು ಜಾಸ್ತಿ ಆಯ್ತು. ಒಂದು ಕಡೆ ಶುರು ಮಾಡೋದೇ ಬೇಡ್ವೇನೋ ಅಂತಾರೆ, ಇನ್ನೊಂದು ಕಡೆ ಶುರು ಮಾಡಿದ್ಮೇಲೆ ಸುಮ್ಮನೆ ನಿಲ್ಲಿಸಬೇಡಿ ಅಂತಾರೆ. ಇ.ಎಫ್. ಕಮ್ಮಿ ಇರೋರಿಗೆ ಈ ಚರ್ಚೆನೇ ಇಲ್ಲ, ಅವ್ರು ತಗೊಳ್ಳೇಬೇಕು. ನಿಮ್ಮ ಇತ್ತೀಚಿನ ಎಕೋ ರಿಪೋರ್ಟ್ ಹಿಡ್ಕೊಂಡು ಹೋಗಿ ಕೇಳಿ, ಬರೀ ಬಾಯಲ್ಲಿ ಕೇಳಿದ್ರೆ ಉತ್ತರ ಸಿಗಲ್ಲ.

ಆಸ್ತಮಾ, ಶುಗರ್, ಕಿಡ್ನಿ

ಆಸ್ತಮಾ ಇರೋರು ಪ್ರೊಪ್ರನೊಲಾಲ್ ಮುಟ್ಟಬಾರದು. ಅದು ಎರಡೂ ಗುಂಡಿಗೆ ಅಡ್ಡ ಬರುತ್ತೆ, ಶ್ವಾಸನಾಳ ಬಿಗಿಯುತ್ತೆ, ಆಗ ಪಂಪು ಹೊಡೆದ್ರೂ ಕೆಲಸ ಮಾಡಲ್ಲ. ಕಾರ್ವೆಡಿಲಾಲೂ ಅದೇ ಗುಂಪು. ಕಾಲೇಜ್ ಹುಡುಗಿ ಒಬ್ಳು ಸೆಮಿನಾರ್ ಮುಂಚೆ ಕೈ ನಡುಗುತ್ತೆ ಅಂತ ಸಿಪ್ಲಾರ್ 10 (ಪ್ರೊಪ್ರನೊಲಾಲೇ ಅದು) ಕೇಳ್ಕೊಂಡು ಬಂದಿದ್ಲು, ಗೆಳತಿ ತಗೋತಾಳಂತೆ, ಇಂಟರ್ನೆಟ್ಟಲ್ಲೂ ನೋಡಿದ್ದಾಳೆ. ದುಡ್ಡಿಗೆ ಅಂತ ಬ್ಯಾಗ್ ತೆಗೆದಾಗ ಒಳಗೆ ನೀಲಿ ಪಂಪು ಕಾಣಿಸ್ತು. ಚೀಟಿ ಇಲ್ದೆ ನಾನು ಹೇಗೂ ಕೊಡ್ತಿರ್ಲಿಲ್ಲ ಬಿಡಿ, ಆದ್ರೆ ಪಕ್ಕದ ರೋಡಲ್ಲಿ ಕೊಡೋರು ಇದ್ದೇ ಇರ್ತಾರೆ ಅಂತ ಹತ್ತು ನಿಮಿಷ ಕೂರಿಸಿ ಬಿಡಿಸಿ ಹೇಳಿದೆ. ಮೈಗ್ರೇನ್, ಥೈರಾಯ್ಡ್ ಜಾಸ್ತಿ ಆಗಿ ಎದೆ ಬಡ್ಕೊಳ್ಳೋದು, ಕೈ ನಡುಕ, ಲಿವರ್ ಕಾಯಿಲೇಲಿ ರಕ್ತ ವಾಂತಿ ತಡೆಯೋದು, ಈ ಕೆಲಸಕ್ಕೆಲ್ಲಾ ಪ್ರೊಪ್ರನೊಲಾಲ್ ಒಳ್ಳೇ ಮಾತ್ರೆನೇ, ಆದ್ರೆ ಬರೀ ಬಿಪಿಗೆ ಅಂತ ಈಗ ಇದನ್ನ ಆರಿಸೋಕೆ ಕಾರಣ ಕಾಣಲ್ಲ.

ಆಸ್ತಮಾ ಇದ್ದೂ ಹೃದಯಕ್ಕೆ ಬೀಟಾ ಬ್ಲಾಕರ್ ಬೇಕೇಬೇಕು ಅನ್ನೋ ಪರಿಸ್ಥಿತಿ ಬಂದ್ರೆ ಬೀಟಾ-1 ಕಡೆಗೇ ಹೋಗೋ ಬಿಸೊಪ್ರೊಲಾಲ್, ನೆಬಿವೊಲಾಲ್, ಮೆಟೊಪ್ರೊಲಾಲ್ ಇವುಗಳಲ್ಲಿ ಒಂದನ್ನ ಕಮ್ಮಿ ಡೋಸಲ್ಲಿ, ಡಾಕ್ಟ್ರ ಕಣ್ಣಳತೇಲಿ ನೋಡ್ತಾರೆ. ಡೋಸ್ ಏರಿದ್ರೆ ಇವೂ ಬೀಟಾ-2ಕ್ಕೆ ಕೈ ಹಾಕ್ತವೆ. ಬೀಡಿ ಸೇದಿ ಸೇದಿ ಬರೋ ಸಿಒಪಿಡಿ ಅನ್ನೋ ಶ್ವಾಸಕೋಶದ ಕಾಯಿಲೇಲಿ ಇವು ಅಷ್ಟು ತೊಂದ್ರೆ ಕೊಡಲ್ಲ, ಆಸ್ತಮಾನೇ ಹೆಚ್ಚು ಸೂಕ್ಷ್ಮ. ಇನ್ನೊಂದು ಯಾರೂ ಯೋಚಿಸದೇ ಇರೋದು: ಗ್ಲಾಕೋಮಾಗೆ (ಕಣ್ಣೊಳಗಿನ ಒತ್ತಡದ ಕಾಯಿಲೆ) ಹಾಕೋ ಟಿಮೊಲಾಲ್ ಕಣ್ಣಿನ ಡ್ರಾಪ್ಸು. ಅದೂ ಬೀಟಾ ಬ್ಲಾಕರೇ, ಕಣ್ಣಿಂದ ರಕ್ತಕ್ಕೆ ಇಳಿದು ನಾಡಿ ನಿಧಾನ ಮಾಡಬಹುದು, ಉಸಿರು ಬಿಗಿ ಮಾಡಬಹುದು. ಹಾರ್ಟ್ ಡಾಕ್ಟ್ರಿಗೆ ಕಣ್ಣಿನ ಡ್ರಾಪ್ಸ್ ಹೆಸರೂ ಹೇಳಿ.

ಶುಗರ್ ಇರೋರು ತಿಳ್ಕೋಬೇಕಾದ್ದು, ಶುಗರ್ ತೀರಾ ಇಳಿದಾಗ ಕೈ ನಡುಗೋದು, ಎದೆ ಹೊಡ್ಕೊಳ್ಳೋದು ಆಗುತ್ತಲ್ಲ, ಆ ಎಚ್ಚರಿಕೆ ಗಂಟೇನ ಈ ಮಾತ್ರೆ ಮುಚ್ಚಿಹಾಕುತ್ತೆ. ಬೆವರು ಮಾತ್ರ ಬರುತ್ತೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ್ದು ತಗೊಳ್ಳೋರು ಕಾರಣ ಇಲ್ದೆ ತಣ್ಣಗೆ ಬೆವರಿದ್ರೆ ಸೆಕೆ ಅಂತ ಫ್ಯಾನ್ ಹಾಕ್ಕೊಂಡು ಕೂರಬೇಡಿ, ಮೊದಲು ಶುಗರ್ ನೋಡಿ, ಮಷೀನ್ ಇಲ್ಲ ಅಂದ್ರೆ ಮೂರ್ನಾಲ್ಕು ಟೀ ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡೀರಿ. ಕಾರ್ವೆಡಿಲಾಲ್, ನೆಬಿವೊಲಾಲ್ ಎರಡೂ ಶುಗರ್ ಲೆಕ್ಕದ ಮೇಲೆ ಉಳಿದವಕ್ಕಿಂತ ಕಮ್ಮಿ ತೊಂದ್ರೆ ಕೊಡ್ತವೆ.

ಅಟೆನೊಲಾಲ್ ಹೊರಗೆ ಹೋಗೋದು ಕಿಡ್ನಿ ಮೂಲಕ, ಕ್ರಿಯಾಟಿನಿನ್ ಏರಿದವ್ರಲ್ಲಿ, ಅಂದ್ರೆ ಕಿಡ್ನಿ ಕೆಲಸ ಕುಗ್ಗಿದವ್ರಲ್ಲಿ, ಒಳಗೇ ಕೂಡಿಕೊಳ್ಳುತ್ತೆ, ನಾಡಿ ಇಳಿದುಬಿಡುತ್ತೆ. ಮೆಟೊಪ್ರೊಲಾಲ್, ಕಾರ್ವೆಡಿಲಾಲ್ ಲಿವರಲ್ಲಿ ಕರಗ್ತವೆ, ಲಿವರ್ ಕೆಟ್ಟಿದ್ರೆ ಇವುಗಳ ಡೋಸ್ ಯೋಚಿಸ್ಬೇಕು. ಬಿಸೊಪ್ರೊಲಾಲ್ ಅರ್ಧ ಇಲ್ಲಿ ಅರ್ಧ ಅಲ್ಲಿ. ಬಸುರಿ ಹೆಂಗಸರಿಗೆ ಬಿಪಿ ಬಂದ್ರೆ ಬೇರೆಯೇ ಒಬ್ಬ ಲಾಲ್ ಇದ್ದಾನೆ, ಲ್ಯಾಬೆಟಲಾಲ್ ಅಂತ. ಅಟೆನೊಲಾಲ್ ಆಗ ಬೇಡ, ಮಗುವಿನ ತೂಕ ಕಮ್ಮಿ ಆಗೋ ಭಯ, ಬಸುರಿಗೆ ಪ್ಲಾನ್ ಮಾಡ್ತಿರೋರು ಮೊದಲೇ ಡಾಕ್ಟ್ರಿಗೆ ಹೇಳಿ ಬದಲಾಯಿಸ್ಕೊಳ್ಳಿ.

ಸುಸ್ತು, ಕನಸು, ಮತ್ತೆ ಯಾರೂ ಜೋರಾಗಿ ಕೇಳದ ಪ್ರಶ್ನೆ

ಗಂಡಸರು ಅಂಗಡಿ ಖಾಲಿ ಆಗೋವರೆಗೂ ಕಾದು ಆಮೇಲೆ ಮೆಲ್ಲಗೆ ಕೇಳ್ತಾರೆ, "ಈ ಮಾತ್ರೆಯಿಂದ ಅದಕ್ಕೇನಾದ್ರೂ ಎಫೆಕ್ಟ್ ಆಗುತ್ತಾ?" ಆಗಬಹುದು, ಎಲ್ರಿಗೂ ಆಗಲ್ಲ, ಬಿಪಿ ಶುಗರಿಂದನೂ ಆಗಿರಬಹುದು. ಈ ವಿಷಯದಲ್ಲಿ ನೆಬಿವೊಲಾಲ್ ಒಳ್ಳೇದು, ಅದು ರಕ್ತನಾಳ ಸಡಿಲ ಮಾಡೋ ದಾರಿನೇ ಬೇರೆ. ಕೇಳೋಕೆ ನಾಚ್ಕೊಂಡು ಮಾತ್ರೆ ಬಿಡೋದಕ್ಕಿಂತ ಕೇಳಿ ಬದಲಾಯಿಸ್ಕೊಳ್ಳೋದು ಮೇಲು. ರಾತ್ರಿ ಕೆಟ್ಟ ಕನಸು ಅಂದ್ರೆ ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್ ಮೇಲೆ ಅನುಮಾನ ಪಡಬಹುದು, ಇವು ಮೆದುಳಿಗೆ ಹೆಚ್ಚು ಹೋಗ್ತವೆ, ಅಟೆನೊಲಾಲ್ ಅಷ್ಟು ಹೋಗಲ್ಲ. ಕೈಕಾಲು ತಣ್ಣಗಾಗೋದು, ಮೆಟ್ಟಿಲು ಹತ್ತಿದ್ರೆ ಆಯಾಸ, ಇವು ಎಲ್ಲದರಲ್ಲೂ ಇದ್ದದ್ದೇ.

ಯಾವುದೇ ತಗೊಳ್ಳಿ, ಇಷ್ಟು ಮಾತ್ರ

ದಿಢೀರ್ ಅಂತ ನಿಲ್ಲಿಸಬೇಡಿ. ಇಷ್ಟು ದಿನ ಗುಂಡಿ ಮುಚ್ಚಿಟ್ಟಿದ್ರಿಂದ ಮೈ ಹೊಸ ಗುಂಡಿಗಳನ್ನ ಬೆಳೆಸ್ಕೊಂಡಿರುತ್ತೆ, ಒಮ್ಮೆಲೇ ಕೈ ತೆಗೆದ್ರೆ ಅಡ್ರಿನಲಿನ್ ಎಲ್ಲಾ ಗುಂಡಿನೂ ಒಟ್ಟಿಗೆ ಒತ್ತುತ್ತೆ, ಬಿಪಿ ಏರುತ್ತೆ, ಎದೆನೋವು ಬರುತ್ತೆ, ರಕ್ತನಾಳ ಕಟ್ಟಿರೋರಿಗೆ ಅಟ್ಯಾಕೇ ಆಗಬಹುದು. ಬಿಡಬೇಕು ಅಂದ್ರೆ ಡಾಕ್ಟ್ರು ಒಂದೆರಡು ವಾರದಲ್ಲಿ ಸ್ವಲ್ಪ ಸ್ವಲ್ಪ ಇಳಿಸ್ತಾರೆ. ಶ್ರಾವಣ ಅಂತ, ಆಯುರ್ವೇದ ಶುರು ಮಾಡಿದೀನಿ ಅಂತ, ಬಿಪಿ ನಾರ್ಮಲ್ ಬಂತು ಅಂತ ನಿಲ್ಲಿಸೋರನ್ನ ನೋಡಿ ನೋಡಿ ಸಾಕಾಗಿದೆ, ನಾರ್ಮಲ್ ಬಂದಿರೋದೇ ಮಾತ್ರೆಯಿಂದ ಅಲ್ವಾ. ಆಪರೇಷನ್ ಇದ್ರೆ ಅರಿವಳಿಕೆ ಡಾಕ್ಟ್ರಿಗೆ ಮೊದಲೇ ಹೇಳಿ, ನೀವಾಗಿ ಬಿಡಬೇಡಿ.

ವಾರಕ್ಕೆ ಎರಡು ಸಲ, ಐದು ನಿಮಿಷ ಸುಮ್ಮನೆ ಕೂತು ಆಮೇಲೆ ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಲ್ಲಿ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. 50ಕ್ಕಿಂತ ಕಮ್ಮಿ ಬಂದ್ರೆ ಮುಂದಿನ ಮಾತ್ರೆಗೆ ಮುಂಚೆ ಡಾಕ್ಟ್ರಿಗೆ ಫೋನ್ ಮಾಡಿ. ಅದರ ಜೊತೆ ತಲೆ ಸುತ್ತು, ಬಿದ್ದುಹೋಗೋದು, ಉಸಿರು ಕಟ್ಟೋದು ಇದ್ರೆ ಫೋನ್ ಗೀನ್ ಬೇಡ, 108. ಒಂದು ಹೊತ್ತು ಮರೆತ್ರೆ ನೆನಪಾದಾಗ ತಗೊಳ್ಳಿ, ಮುಂದಿನದ್ದಕ್ಕೆ ಹತ್ರ ಬಂದಿದ್ರೆ ಅದನ್ನ ಬಿಟ್ಟುಬಿಡಿ, ಎರಡು ಒಟ್ಟಿಗೆ ಯಾವತ್ತೂ ಬೇಡ.

ಜೊತೇಲಿ ಡಿಲ್ಟಿಯಾಜೆಮ್ ಅಥವಾ ವೆರಪಮಿಲ್ ಇದ್ರೆ ಅಂಗಡಿಯವ್ರನ್ನೇ ಕೇಳಿ, ಇವೂ ಬಡಿತ ನಿಧಾನ ಮಾಡ್ತವೆ, ಎರಡೂ ಸೇರಿದ್ರೆ ಹೃದಯ ತೀರಾ ನಿಧಾನ ಆಗೋ ಅಪಾಯ. ಅಮ್ಲೋಡಿಪಿನ್ ಜೊತೆ ಈ ಭಯ ಇಲ್ಲ. ಫ್ಲುಆಕ್ಸೆಟಿನ್, ಪ್ಯಾರಾಕ್ಸೆಟಿನ್ ಅನ್ನೋ ಖಿನ್ನತೆ ಮಾತ್ರೆ ಜೊತೆ ಮೆಟೊಪ್ರೊಲಾಲ್ ರಕ್ತದಲ್ಲಿ ಏರುತ್ತೆ. ಮಂಡಿನೋವಿಗೆ ದಿನಾ ಡೈಕ್ಲೋಫೆನಾಕ್ ನುಂಗಿದ್ರೆ ಬಿಪಿ ಮಾತ್ರೆ ಕೆಲಸ ಕುಗ್ಗಬಹುದು.

ಎರಡು ಲಾಲ್ ಒಟ್ಟಿಗೆ ಹೋಗ್ತಿದೆಯಾ ಅಂತ ನೋಡೋದು ಹೇಗೆ ಅಂದ್ರೆ, ಜೋಡಿ ಮಾತ್ರೆಗಳಲ್ಲಿ ಹೆಸರಿನ ಬಾಲ ನೋಡಿ. ಅಮ್ಲೋಡಿಪಿನ್ ಬ್ರ್ಯಾಂಡಿನ ಮುಂದೆ ಎಟಿ ಇದ್ರೆ ಅಟೆನೊಲಾಲ್ ಸೇರಿದೆ. 'ಬೀಟಾ' ಅಂತಿದ್ರೆ ಯಾವುದೋ ಒಂದು ಬೀಟಾ ಬ್ಲಾಕರ್ ಇದೆ, ಆದ್ರೆ ಸ್ಟ್ಯಾಮ್ಲೋ ಬೀಟಾದಲ್ಲಿ ಇರೋದು ಅಟೆನೊಲಾಲ್, ಟೆಲ್ಮಾ ಬೀಟಾದಲ್ಲಿ ಇರೋದು ಮೆಟೊಪ್ರೊಲಾಲ್. ಟೆಲ್ಮಾ ಎಎಂ, ಟೆಲ್ಮಾ ಎಚ್ ಇವುಗಳಲ್ಲಿ ಬೀಟಾ ಬ್ಲಾಕರ್ ಇಲ್ಲ.

ಯಜಮಾನ್ರಿಗೆ ಡಾಕ್ಟ್ರು ಅಟೆನೊಲಾಲ್ ಇರೋ ಮಾತ್ರೆ ನಿಲ್ಲಿಸಿ ಬರೀ ಅಮ್ಲೋಡಿಪಿನ್ ಬರೆದ್ರು, ಮೆಟೊಪ್ರೊಲಾಲ್ ಅರ್ಧಕ್ಕೆ ಇಳಿಸಿದ್ರು. ಈಗ ನಾಡಿ 62, 64 ಅಂತ ಮಂಡಿ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ಕ್ವಿಂಟಾಲ್ ರೇಟಿನ ಪಕ್ಕದಲ್ಲೇ ಬರ್ಕೊಂಡು ಬಂದು ತೋರಿಸ್ತಾರೆ. ಮಾತ್ರೆ ಮಾತ್ರ ಈಗ ಹತ್ತತ್ತೇ ಒಯ್ತಾರೆ, ಅದಕ್ಕೇ ಅವ್ರಿಗೆ ಸ್ಟ್ರಿಪ್ ಕತ್ತರಿಸಿ ಕೊಡೋವಾಗ ಹೆಸರು, ಎಕ್ಸ್‌ಪೈರಿ ಇರೋ ತುಂಡನ್ನೇ ಅವ್ರ ಕೈಗೆ ಕೊಟ್ಟು ಬೋಳು ತುಂಡು ನಾನಿಟ್ಕೋತೀನಿ. ನಿಮ್ಮ ಅಂಗಡಿಯವ್ರು ಬೋಳು ತುಂಡು ಕೊಟ್ರೆ ವಾಪಸ್ ಕೊಟ್ಟು ಹೆಸರಿರೋದು ಕೇಳಿ ಇಸ್ಕೊಳ್ಳಿ.